ಸರ್ಜಾನ ಹಿಂದೆ ಮೂವರು

ಮೊನ್ನೆ ಮಧ್ಯಾಹ್ನ ಹೇಳದೆ ಕೇಳದೆ ಒಂದು ಮಳೆ ಬಂತು. ಎದುರು ಮನೆಯವರ ನಾಯಿ ತನ್ನ ಮನೆಯ ಗೇಟು ಮುಚ್ಚಿರುವುದನ್ನು ಕಂಡು ನೇರ ನಮ್ಮ ಪಡಸಾಲೆಗೆ ನುಗ್ಗಿತು. ನುಗ್ಗಿದ್ದಲ್ಲದೆ ನನ್ನ ಕುರ್ಚಿಯ ಪಕ್ಕಕ್ಕೇ ಬಂದು ನಿಂತು ಮೈ ಕೊಡವಿತು. ನನ್ನ ಕನ್ನಡಕ, ಓದುತ್ತಿದ್ದ ಪೇಪರು, ಆರಲೆಂದು ಇಟ್ಟಿದ್ದ ಚಹಾ, ಎಲ್ಲಕ್ಕೂ ನಾಯಿಯ ಪ್ರೋಕ್ಷಣೆಯಾಯಿತು. ಸೊಸೆ ಒಂದು ಕೈಯಲ್ಲಿ ಕಸಬರಿಗೆ, ಇನ್ನೊಂದು ಕೈಯಲ್ಲಿ ಫಿನಾಯಿಲ್ ಬಾಟಲಿ ಹಿಡಿದು ಒಳಗಿನಿಂದ ಓಡಿ ಬಂದಳು. "ಏನ್ ನಾರಲಿಕ್ಕತ್ತದರೀ ಆಯೀ! ನೀವು ಮೊದಲ ಒಳಗ ಬರ್ರಿ" ಎಂದಳು.

ನಾನು ಏಳಲಿಲ್ಲ. ತೊಯ್ದ ನಾಯಿಯ ವಾಸನೆ ನಿಮಗೆ ಗೊತ್ತಿರಬೇಕು. ಹಳೆಯ ಗೋಣಿಚೀಲ ನೀರಿನಲ್ಲಿ ನೆನೆದಂತೆ, ಅದರೊಳಗೆ ಒಂದಿಷ್ಟು ಜೋಳ, ಒಂದಿಷ್ಟು ಕರಿಮಣ್ಣು ಉಳಿದುಬಿಟ್ಟಂತೆ. ಅದನ್ನು ಸುವಾಸನೆ ಅನ್ನುವಷ್ಟು ನನ್ನ ಬುದ್ಧಿ ಇನ್ನೂ ಕೆಟ್ಟಿಲ್ಲ. ಆದರೆ ಆವತ್ತು ಮೂಗು ಮುಚ್ಚಿಕೊಳ್ಳಲು ಕೈ ಮೇಲೇಳಲಿಲ್ಲ. ಸೊಸೆ ಫಿನಾಯಿಲ್ ಸುರುವಿ ಒರೆಸಿ ಹೋದ ಮೇಲೂ ನಾನು ಆ ವಾಸನೆಯನ್ನು ಹುಡುಕುತ್ತ ಕುಳಿತಿದ್ದೆ. ಅದರ ಜೊತೆಗೆ ತಾತ್ಯಾ ಬಂದರು, ಅತ್ಯಾ ಬಂದರು, ಎಲ್ಲರಿಗಿಂತ ಮುಂದೆ ಹಗ್ಗ ಎಳೆಯುತ್ತ ಸರ್ಜಾ ಬಂದ.

ಸಂಸ್ಥಾನಗಳೆಲ್ಲ ವಿಲೀನವಾಗಿ, ನಮ್ಮ ಜಮಖಂಡಿ ರಾಜಧಾನಿಯ ಪದವಿ ಕಳೆದುಕೊಂಡು ವಿಜಾಪುರ ಜಿಲ್ಲೆಯ ಒಂದು ತಾಲೂಕಾಗಿ ಕುಳಿತಿದ್ದ ಕಾಲ ಅದು. ಸರಕಾರ ಅಂದರೆ ಮುಂಬೈ. ನಾನು ಧಾರವಾಡದ ಓಣಿಯೊಳಗೆ ಬೆಳೆದ ಹುಡುಗಿ, ಲಗ್ನವಾಗಿ ಈ ಊರಿಗೆ ಬಂದಿದ್ದೆ. ನನ್ನ ಯಜಮಾನರಿಗೆ ವಿಜಾಪುರದ ಕಚೇರಿಯೊಂದರಲ್ಲಿ ನೌಕರಿ. "ಛಲೋ ಖೋಲಿ ಸಿಕ್ಕ ಕೂಡಲೆ ಕರಿಸ್ಕೋತೀನಿ" ಎಂದು ಹೇಳಿ ಹೋದವರಿಗೆ ವಿಜಾಪುರದಂಥ ವಿಜಾಪುರದಲ್ಲಿ ಒಂದು ಬಾಡಿಗೆಯ ಖೋಲಿ ಸಿಗದೆ ತಿಂಗಳುಗಳೇ ಉರುಳಿದವು. ಹೀಗಾಗಿ ನಾನು ಅತ್ತೆ ಮಾವಂದಿರ ಜೊತೆ ಉಳಿದೆ. ಮಾವನವರನ್ನು ಇಡೀ ಓಣಿ ತಾತ್ಯಾ ಎಂದು ಕರೆಯುತ್ತಿತ್ತು. ಅತ್ತೆಯನ್ನು ನಾನು ಅತ್ಯಾ ಎನ್ನುತ್ತಿದ್ದೆ.

ತಾತ್ಯಾ ಸಂಸ್ಥಾನದ ದಫ್ತರದಲ್ಲಿ ಕಾರಕೂನರಾಗಿದ್ದವರು. ವಿಲೀನದ ಹೊತ್ತಿಗೆ ಅವರಿಗೆ ಪೆನ್ಶನ್ ಕೊಟ್ಟು ಮನೆಗೆ ಕಳಿಸಿದ್ದರು. ಮುಂಜಾನೆ ಪಗಡಿ ಸುತ್ತಿಕೊಂಡು ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ ಗಂಡಸು ದಿನವಿಡೀ ಮನೆಯಲ್ಲಿ ಕೂತರೆ ಹೆಂಗಸರ ಗತಿ ಏನಾಗಬೇಕು, ನೀವೇ ಯೋಚಿಸಿ. ಬೇಳೆಯ ಡಬ್ಬಿ ಯಾಕೆ ಇಲ್ಲಿ, ಉಪ್ಪಿನಕಾಯಿ ಭರಣಿ ಯಾಕೆ ಅಲ್ಲಿ ಎಂದು ವಿಚಾರಣೆ ಶುರುವಾಯಿತು. ಅಷ್ಟರಲ್ಲಿ ಡಾಕ್ಟರು ಅವರಿಗೆ ಸಕ್ಕರೆ ಕಾಯಿಲೆ ಇದೆ, ದಿನಾಲೂ ಮುಂಜಾನೆ ಊರ ಹೊರಗೆ ಅಡ್ಡಾಡಬೇಕು ಎಂದು ಹೇಳಿದರು. ಆ ಡಾಕ್ಟರಿಗೆ ಅತ್ಯಾ ಮನಸ್ಸಿನೊಳಗೇ ಎಷ್ಟು ಸಲ ಕೈಮುಗಿದರೋ.

ಆದರೆ ತಾತ್ಯಾ ಸುಮ್ಮನೆ ಅಡ್ಡಾಡುವ ಮನುಷ್ಯರಲ್ಲ. "ಕೆಲಸ ಇಲ್ಲದ ನಡದರ ಮಂದಿ ನೌಕರಿ ಹೋಗೇದ ಅಂತ ತಿಳಕೋತಾರ" ಎನ್ನುವುದು ಅವರ ಅಳುಕು. ಹೋಗಿತ್ತಲ್ಲ ಎಂದು ಅವರಿಗೆ ಹೇಳುವವರು ಯಾರು? ಅದಕ್ಕೊಂದು ಉಪಾಯವಾಗಿ ಅವರು ಮುಧೋಳದ ಗೆಳೆಯನೊಬ್ಬನಿಂದ ಬೇಟೆನಾಯಿಯ ಮರಿಯೊಂದನ್ನು ತಂದರು. ನಾಯಿ ಇದ್ದರೆ ನಡೆಯುವುದು ನಾಯಿಗಾಗಿ ಎಂದಾಗುತ್ತದಲ್ಲ. ನಾನು ಆ ಮನೆಗೆ ಕಾಲಿಡುವ ಹೊತ್ತಿಗೆ ಆ ಮರಿ ಎತ್ತರಕ್ಕೆ ಬೆಳೆದು ಸರ್ಜಾ ಎಂಬ ಹೆಸರು ಪಡೆದು ಅಂಗಳದ ಒಡೆಯನಾಗಿತ್ತು.

ಮುಧೋಳದ ನಾಯಿಯನ್ನು ನೀವು ನೋಡಿದ್ದರೆ ಹೇಳಬೇಕಾಗಿಲ್ಲ. ಉದ್ದ ಮೋರೆ, ಎಣಿಸಬಹುದಾದ ಪಕ್ಕೆಲುಬು, ಬೆನ್ನಿಗೆ ಹತ್ತಿಕೊಂಡ ಹೊಟ್ಟೆ. ಓಡುವಾಗ ಅದರಂಥ ಚೆಂದ ಬೇರೆ ಇಲ್ಲ, ನಿಂತಾಗ ಮಾತ್ರ ಬರಗಾಲದಿಂದ ಎದ್ದು ಬಂದಂತೆ ಕಾಣುತ್ತದೆ. ಮನೆಗೆ ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದೇ, "ಏನ್ರೀ, ನಾಯಿಗೆ ಕೂಳು ಹಾಕೂದಿಲ್ಲೇನು?" ಅತ್ಯಾರಿಗೆ ನಾಯಿ ಅಂದರೆ ಮೈಲಿಗೆ. ಹೊಸ್ತಿಲು ದಾಟುವಂತಿಲ್ಲ, ನೆರಳು ತಾಕುವಂತಿಲ್ಲ. ಆದರೂ ತಮ್ಮ ಅಡಿಗೆಮನೆಯ ಮರ್ಯಾದೆಯ ಪ್ರಶ್ನೆ ಬಂದಾಗ ಅವರು ಸುಮ್ಮನಿರುವವರಲ್ಲ. ಯಾರೂ ನೋಡದ ಹೊತ್ತಿನಲ್ಲಿ ಬಿಸಿ ರೊಟ್ಟಿಗೆ ತುಪ್ಪ ಸವರಿ ದೂರದಿಂದ ಎಸೆಯುತ್ತಿದ್ದರು. ಎಸೆದು, "ತಿನ್ನು, ನನ್ನ ಹೆಸರ ಕೆಡಸಾಂವಾ" ಎಂದು ಬೈಯುತ್ತಿದ್ದರು. ಸರ್ಜಾ ಬೈಗುಳವನ್ನೂ ತುಪ್ಪವನ್ನೂ ಸಮಾಧಾನದಿಂದ ನುಂಗುತ್ತಿದ್ದ. ಪಕ್ಕೆಲುಬು ಮಾತ್ರ ಹಾಗೆಯೇ ಇದ್ದವು.

ಇದರ ಜೊತೆಗೆ ಮೋತ್ಯಾ ಎಂಬ ಇನ್ನೊಂದು. ಅವನು ಯಾರ ನಾಯಿಯೂ ಅಲ್ಲ. ಹಿಟ್ಟಿನ ಗಿರಣಿಯ ಮುಂದೆ ಮಲಗಿರುತ್ತಿದ್ದ, ನಾವು ಹೊರಟ ಕೂಡಲೆ ಎದ್ದು ಹಿಂದೆ ಬರುತ್ತಿದ್ದ. ಗುಂಡಗೆ, ಗಿಡ್ಡಗೆ, ಒಂದು ಕಿವಿ ಹರಿದಿತ್ತು. ತಾತ್ಯಾ ಸರ್ಜಾನ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು, "ಸರ್ಜಾ, ಕಮ್! ಸರ್ಜಾ, ಸಿಟ್!" ಮೋತ್ಯಾನಿಗೆ ಮಾತ್ರ, "ಬಾರಲೇ." ಹೆಂಡತಿಯ ಮೇಲೆ ಸಿಟ್ಟು ಬಂದರೆ ಮರಾಠಿ. ಅವರ ದಫ್ತರದಲ್ಲಿ ಯಾವ ಕಾಗದ ಯಾವ ಭಾಷೆಯಲ್ಲಿ ಹೋಗಬೇಕೆಂಬ ಪದ್ಧತಿಯಿತ್ತಂತೆ. ಅದನ್ನೇ ಅವರು ಮನೆಯಲ್ಲೂ ಮುಂದುವರಿಸಿದ್ದರು.

ಇನ್ನು ನಾನು ಇದರಲ್ಲಿ ಬಂದದ್ದು ಹೇಗೆ? ಅಡ್ಡಾಡಲು ಹೋದ ತಾತ್ಯಾ ತಿರುಗಿ ಬರುವಾಗ ಅವರ ಮೀಸೆಗೆ ಜಿಲೇಬಿಯ ಪಾಕ ಅಂಟಿದ್ದನ್ನು ಒಂದು ದಿನ ಅತ್ಯಾ ಪತ್ತೆ ಹಚ್ಚಿದರು. ಮೋಟಾರ್ ಸ್ಟ್ಯಾಂಡಿನ ಹತ್ತಿರ ಹೊಸದೊಂದು ಹೊಟೇಲು ಶುರುವಾಗಿತ್ತು. ಮರುದಿನ ಅತ್ಯಾ ನನ್ನನ್ನು ಕರೆದು, "ನಾಳಿಂದ ನೀ ಅವರ ಜೋಡಿ ಹೋಗು. ಮಾವನವರಿಗೆ ವಯಸ್ಸಾತು, ಜೋಡಿಗೆ ಒಬ್ರು ಬೇಕು ಅಂತ ಅನ್ನೋಣು. ಅವರು ಏನರೆ ಬಾಯಿಗೆ ಹಾಕ್ಕೊಂಡರ ನನಗ ಬಂದು ಹೇಳು" ಎಂದರು.

"ಅತ್ಯಾ, ನನಗ ನಾಯಿ ಅಂದ್ರ ಹೆದರಿಕಿ" ಎಂದೆ.

"ನೀ ನಾಯಿ ಕಾಯೂದು ಬ್ಯಾಡ. ಅವರನ್ನ ಕಾಯಿ."

ಹೀಗೆ ಹೊಸ ಸೊಸೆಗೆ ಮಾವನ ಮೇಲೆ ಗುಪ್ತಚರಳ ನೌಕರಿ ಸಿಕ್ಕಿತು. ಆದರೆ ಇನ್ನೊಂದು ತೊಡಕಿತ್ತು. ಆ ಮನೆಯಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವ ರೂಢಿ ಇರಲಿಲ್ಲ. ತಲೆಯ ಮೇಲೆ ಸೆರಗು, ಕಣ್ಣು ನೆಲಕ್ಕೆ, ಬಾಯಿಗೆ ಬೀಗ. ಮೊದಲ ದಿನ ನಾವು ಊರು ದಾಟಿ, ರಾಮತೀರ್ಥದ ಗುಡ್ಡದ ಮಗ್ಗುಲು ಹಿಡಿದು, ಹುನ್ನೂರಿನ ಕಡೆ ಹೋಗುವ ಚಕ್ಕಡಿ ದಾರಿಗೆ ಬಂದರೂ ಇಬ್ಬರ ನಡುವೆ ಒಂದು ಮಾತಿಲ್ಲ. ಮುಂದೆ ಸರ್ಜಾ, ಅವನ ಹಿಂದೆ ತಾತ್ಯಾ, ಬಹಳ ಹಿಂದೆ ನಾನು, ನನ್ನ ಕಾಲ ಹತ್ತಿರ ಮೋತ್ಯಾ. ಮೋತ್ಯಾ ನನ್ನ ಸೀರೆಯ ನಿರಿಗೆ ಮೂಸಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು, ಆದರೆ ಕಿರಿಚುವಂತೆಯೂ ಇಲ್ಲ.

ಕೊನೆಗೆ ತಾತ್ಯಾರೇ ದಾರಿ ಹುಡುಕಿದರು. ನಿಂತು, ತಿರುಗಿ ನೋಡದೆ, "ಸರ್ಜಾ, ಹಿಂದ ಬರಾಕಿಗೆ ಹೇಳು, ಇಲ್ಲಿ ಜಾಲಿ ಮುಳ್ಳು ಭಾಳ ಅವ, ನೋಡಿ ಕಾಲ ಇಡು ಅಂತ" ಎಂದರು. ಸರ್ಜಾ ನನ್ನ ಕಡೆ ನೋಡಿದ. ನಾನು ಏನು ಮಾಡಬೇಕೆಂದು ತಿಳಿಯದೆ, ಅವನ ಉದ್ದ ಮೋರೆಯನ್ನೇ ನೋಡುತ್ತ, "ಸರ್ಜಾ, ಹ್ಞೂಂ ಅಂದಾಳ ಅಂತ ಹೇಳು" ಎಂದೆ.

ಅಂದಿನಿಂದ ನಮಗೆ ಮಾತಿನ ಬರ ಬರಲಿಲ್ಲ. ನಾಯಿಯ ಮೂಲಕ ತಾತ್ಯಾ ನನಗೆ ಕುಸುಬಿ ಯಾವುದು, ಕಡಲೆ ಯಾವುದು, ಯಾವ ಹೊಲದ ಮಣ್ಣು ಎಷ್ಟು ಆಳ ಎಂದು ತೋರಿಸಿದರು. ಮುಂಬೈ ಸರಕಾರವನ್ನು ಬೈಯುವುದೂ ನಾಯಿಯ ಮೂಲಕವೇ. "ಸರ್ಜಾ, ನಾಳಿಗೆ ನೀ ಬೊಗಳಬೇಕಂದ್ರೂ ಮುಂಬೈದಿಂದ ಹುಕುಂ ಬರಬೇಕಾಗ್ತದ, ತಿಳೀತಿಲ್ಲೋ?" ನಾನು ಧಾರವಾಡದ ಸಾಲಿಯ ಕತೆಗಳನ್ನು ನಾಯಿಗೆ ಹೇಳುತ್ತಿದ್ದೆ, ಮುಂದೆ ನಡೆಯುತ್ತಿದ್ದವರ ಹೆಗಲು ನಗುವಿಗೆ ಕುಲುಕುವುದನ್ನು ನೋಡುತ್ತಿದ್ದೆ. ಹೆದರಿಕೆ ಯಾವಾಗ ಹೋಯಿತೆಂದು ತಿಳಿಯಲೇ ಇಲ್ಲ. ಒಂದು ಮುಂಜಾನೆ ನೋಡುತ್ತೇನೆ, ಹಗ್ಗ ನನ್ನ ಕೈಯಲ್ಲಿತ್ತು.

ಗುಪ್ತಚರಳ ಕೆಲಸವೂ ನಡೆದಿತ್ತು, ಆದರೆ ಅಷ್ಟೇನೂ ನಿಷ್ಠೆಯಿಂದಲ್ಲ. ಆ ದಾರಿಯಲ್ಲಿ ಮಲ್ಲಪ್ಪ ಎಂಬ ರೈತನ ಹೊಲವಿತ್ತು. ಚಳಿಗಾಲದಲ್ಲಿ ಅವನು ಹಾಲುಗಾಳಿನ ಜೋಳದ ತೆನೆ ಸುಟ್ಟು, ಬಡಿದು, ಸೀತನಿ ಮಾಡಿ, ಜೊತೆಗೆ ಶೇಂಗಾದ ಹಿಂಡಿ, ಒಂದು ಹೆಂಟೆ ಬೆಲ್ಲ ಇಟ್ಟು ಕೊಡುತ್ತಿದ್ದ. ತಾತ್ಯಾ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ಗುಡ್ಡದ ಕಡೆ ನೋಡುತ್ತ, "ಸರ್ಜಾ, ನೀ ಏನರೆ ನೋಡಿದೇನು?" ಎನ್ನುತ್ತಿದ್ದರು. ಸರ್ಜಾ ನೋಡಿರುತ್ತಿರಲಿಲ್ಲ. ನನ್ನ ಬಾಯಲ್ಲೂ ಬೆಲ್ಲವಿರುತ್ತಿದ್ದುದರಿಂದ ನಾನೂ ನೋಡಿರುತ್ತಿರಲಿಲ್ಲ.

ಹೀಗೆ ಸುಖವಾಗಿ ನಡೆದದ್ದು ಒಂದು ದಿನ ಮುಗ್ಗರಿಸಿತು. ಸಂಕ್ರಮಣ ಕಳೆದಿತ್ತು. ಕಟಾವಾದ ಹೊಲದ ಕೂಳೆಗಳ ನಡುವಿನಿಂದ ಮೊಲವೊಂದು ಎದ್ದಿತು. ಸರ್ಜಾ ಹಗ್ಗ ಕಿತ್ತುಕೊಂಡು ಹೋದ. ಅವನು ಬೆನ್ನನ್ನು ಮಡಚಿ ಬಿಡಿಸುತ್ತ ಓಡುವುದನ್ನು ನೋಡಿದಾಗ, ನಿಜ ಹೇಳುತ್ತೇನೆ, ಇಷ್ಟು ದಿನ ನಾವು ಅವನನ್ನು ಹಗ್ಗ ಕಟ್ಟಿ ನಡೆಸಿದ್ದೇ ತಪ್ಪು ಅನ್ನಿಸಿತು. ತಾತ್ಯಾರಿಗೂ ಏನೋ ಆವೇಶ ಬಂತು. ಧೋತರದ ಕಚ್ಚೆ ಹಿಡಿದು, "ಸರ್ಜಾ, ಕಮ್! ಕಮ್ ಐ ಸೇ!" ಎನ್ನುತ್ತ ಅವನ ಹಿಂದೆ ತಾವೂ ಓಡಿದರು. ಬದುವಿನಿಂದ ಆಚೆ ಹಾರಿದವರು ಏಳಲಿಲ್ಲ.

ಕತೆಗಳಲ್ಲಿ ಇಂಥ ಹೊತ್ತಿನಲ್ಲಿ ನಾಯಿಗಳು ಊರಿಗೆ ಓಡಿ ಮಂದಿಯನ್ನು ಕರೆತರುತ್ತವೆ. ನಮ್ಮ ಸರ್ಜಾ ಮೊಲದ ಹಿಂದೆ ಕಾಣೆಯಾದ. ಮೋತ್ಯಾ ತಾತ್ಯಾರ ಕಿಸೆಯಿಂದ ಬಿದ್ದ ರೊಟ್ಟಿಯನ್ನು ಶಾಂತವಾಗಿ ತಿಂದ. ನಾನು ಓಡಿ ಹೋಗಿ ನೋಡಿದರೆ ತಾತ್ಯಾರ ಬಲಗಾಲು ಹಿಮ್ಮಡಿಯ ಮೇಲೆ ಬೇರೆ ಕಡೆಗೆ ತಿರುಗಿತ್ತು. ಮುಖ ಬೆವರಿತ್ತು.

"ಸರ್ಜಾ..." ಎಂದು ಅವರು ಶುರು ಮಾಡಿದರು. ಸರ್ಜಾ ಅಲ್ಲಿರಲಿಲ್ಲ.

"ತಾತ್ಯಾ" ಎಂದೆ ನಾನು. "ಕಾಲ ಅಲಗಾಡಸಬ್ಯಾಡ್ರಿ. ನಾ ಮಲ್ಲಪ್ಪನ್ನ ಕರಕೊಂಡು ಬರ್ತೀನಿ. ಹೆದರಬ್ಯಾಡ್ರಿ."

ಅವರ ಮುಖ ನೋಡಿ ನಾನು ಆಡಿದ ಮೊದಲ ಮಾತು ಅದು. ಅವರೂ ನನ್ನನ್ನೇ ನೋಡಿ, "ಲಗೂನ ಬಾರವಾ" ಎಂದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದೆ. ಮಲ್ಲಪ್ಪ ಚಕ್ಕಡಿ ಹೂಡಿ, ಜೋಳದ ಕಣಿಕೆ ಹಾಸಿ, ತಾತ್ಯಾರನ್ನು ಎತ್ತಿ ಮಲಗಿಸಿದ. "ತಾತ್ಯಾರ, ಮೊಲಾ ನಾಯಿಗೆ ಬಿಡಬೇಕ್ರೀ, ನೀವ್ಯಾಕ ಬೆನ್ನ ಹತ್ತಿದ್ರಿ?" ಎಂದು ದಾರಿಯುದ್ದಕ್ಕೂ ಕೇಳಿದ. ಆ ನೋವಿನಲ್ಲೂ ತಾತ್ಯಾ ಅದಕ್ಕೊಂದು ಉತ್ತರ ಹುಡುಕುತ್ತಿದ್ದರು. ನಾವು ಮನೆ ಮುಟ್ಟುವ ಹೊತ್ತಿಗೆ ಸರ್ಜಾ ಚಕ್ಕಡಿಯ ಹಿಂದೆ ಬಂದು ಸೇರಿಕೊಂಡ, ಬರಿಗೈಯಲ್ಲಿ.

ಎಲುಬು ಕಟ್ಟುವವನು ಬಿದಿರಿನ ದಬ್ಬೆ ಇಟ್ಟು ಕಟ್ಟಿ, ಹೋಳಿ ಹುಣ್ಣಿಮೆಯವರೆಗೆ ಕಾಲು ಊರಕೂಡದು ಎಂದ. ತಾತ್ಯಾ ಮಂಚ ಹಿಡಿದರು. ಅವರನ್ನು ತಡೆಯಬಹುದಿತ್ತು, ಸರ್ಜಾನನ್ನು ತಡೆಯಲಾಗಲಿಲ್ಲ. ಅಡ್ಡಾಟವಿಲ್ಲದೆ ಅವನು ಹುಚ್ಚನಂತಾದ. ತುಳಸಿಕಟ್ಟೆಯ ಬುಡ ಕೆದರಿದ. ಅತ್ಯಾರ ಮಡಿಸೀರೆಯನ್ನು ಗಳದಿಂದ ಎಳೆದು ಅಂಗಳ ತುಂಬ ಮೆರವಣಿಗೆ ಮಾಡಿದ. ಹಗಲೆಲ್ಲ ಬಾಗಿಲ ಕಡೆ ಮೋರೆ ಮಾಡಿ ಒಂದೇ ರಾಗದಲ್ಲಿ ಅಳುತ್ತಿದ್ದ. ಒಳಗೆ ಮಲಗಿದ್ದ ತಾತ್ಯಾ ಗೋಡೆಯ ಕಡೆ ಹೊರಳುತ್ತಿದ್ದರು. ಕೊನೆಗೆ ಅವರೇ ಸಾವಳಗಿಯ ಪರಿಚಯದವರೊಬ್ಬರಿಗೆ ಹೇಳಿಕಳಿಸಿದರು. ಅವರಿಗೆ ಹೊಲ ಇತ್ತು, ಬೇಟೆಯ ಷೋಕಿ ಇತ್ತು. "ನಾಯಿ ನಿಮ್ಮಲ್ಲೇ ಇರಲಿ" ಎಂದು ಹೇಳಿಸಿದರು.

ಸಾವಳಗಿಯವರು ಬಂದ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ದೊಡ್ಡ ರುಮಾಲು, ಕೈಯಲ್ಲಿ ಹೊಸ ಚರ್ಮದ ಪಟ್ಟಿ. ಸರ್ಜಾನ ಹಲ್ಲು ನೋಡಿದರು, ಕಾಲು ಹಿಸುಕಿ ನೋಡಿದರು, "ಛಲೋ ಜಾತಿ ಐತ್ರಿ" ಎಂದರು. ತಾತ್ಯಾ ಮಂಚದ ಮೇಲೆ ಎದ್ದು ಕುಳಿತು ಸರ್ಜಾನಿಗೆ ಏನೋ ಹೇಳಲು ಹೋದರು. ಇಂಗ್ಲಿಷ್ ನೆನಪಾಗಲಿಲ್ಲ. "ಹೋಗಪಾ" ಎಂದರು, ಕನ್ನಡದಲ್ಲಿ.

ನಾನು ಚಹಾದ ತಾಟು ಹಿಡಿದು ಒಳಬಾಗಿಲಲ್ಲಿ ನಿಂತಿದ್ದೆ. ನನ್ನ ಬಾಯಿಂದ ಮಾತು ಬಂದದ್ದು ನನಗೇ ಕೇಳಿಸಿತು. "ತಾತ್ಯಾ, ಸರ್ಜಾನ್ನ ಕೊಡಬ್ಯಾಡ್ರಿ. ನಾ ಅಡ್ಡಾಡಸಿಕೊಂಡು ಬರ್ತೀನಿ."

ಪರಗಂಡಸಿನ ಎದುರು ಮನೆಯ ಸೊಸೆ ಹೀಗೆ ಅನ್ನುವುದು ಆ ಮನೆಯಲ್ಲಿ ಎಂದೂ ಆಗಿರಲಿಲ್ಲ. ಸಾವಳಗಿಯವರು ಒಳ್ಳೆಯ ಮನುಷ್ಯರು, ನೆಲ ನೋಡುತ್ತ ಚರ್ಮದ ಪಟ್ಟಿಯನ್ನು ಸುರುಳಿ ಸುತ್ತತೊಡಗಿದರು. ಅಡಿಗೆಮನೆಯಿಂದ ಅತ್ಯಾ ಹೊರಗೆ ಬಂದರು.

"ಏನಂದಿ? ಮನಿ ಸೊಸಿ ಒಬ್ಬಾಕಿ ನಾಯಿ ಹಿಡಕೊಂಡು ಊರ ಹೊರಗ ತಿರಗಾಡತಾಳಂದ್ರ ಮಂದಿ ಏನಂದಾರು?"

 ನಾನು ಚಹಾದ ತಾಟನ್ನು ಸಾವಳಗಿಯವರ ಮುಂದೆ ಇಟ್ಟು ಅಲ್ಲೇ ನಿಂತೆ. ಅತ್ಯಾ ನನ್ನನ್ನು ನೋಡಿದರು, ಮಂಚದ ಮೇಲೆ ಕುಳಿತ ಗಂಡನ ಮುಖ ನೋಡಿದರು. ಆ ಮುಖದಲ್ಲಿ ಅವರಿಗೆ ಏನು ಕಂಡಿತೋ. ಸಂಸ್ಥಾನ ಹೋದ ದಿನ ಕೂಡ ತಾತ್ಯಾ ಹಾಗೆ ಕುಳಿತಿರಲಿಲ್ಲ ಎಂದು ಬಹಳ ವರ್ಷದ ಮೇಲೆ ಅತ್ಯಾ ನನಗೆ ಹೇಳಿದರು. ಆವತ್ತು ಮಾತ್ರ ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಒಬ್ಬಾಕಿ ಬ್ಯಾಡ. ಜೋಡಿಗೆ ನಾ ಬರ್ತೀನಿ" ಎಂದು ಹೇಳಿ ಒಳಗೆ ಹೋದರು. ಸಾವಳಗಿಯವರು ಚಹಾ ಕುಡಿದು, ಹೊಸ ಪಟ್ಟಿಯನ್ನು ಸರ್ಜಾನಿಗೇ ಬಿಟ್ಟು, ಮಧ್ಯಾಹ್ನದ ಮೋಟಾರಿಗೆ ಹೋದರು.

ಮರುದಿನ ಅತ್ಯಾ ಒಂಬತ್ತು ಗಜದ ಸೀರೆಯ ಕಚ್ಚೆ ಬಿಗಿದು, ಕೈಯಲ್ಲಿ ಹೂವಿನ ಬುಟ್ಟಿ ಹಿಡಿದು, ಕಾಲಿಗೆ ತಾತ್ಯಾರ ಹಳೆಯ ಜೋಡು ಮೆಟ್ಟಿ ಹೊರಟರು. ಯಾರಾದರೂ ಕೇಳಿದರೆ ರಾಮತೀರ್ಥದ ಗುಡಿಗೆ ಎಂದು ಹೇಳುವುದೆಂದು ನಿಶ್ಚಯವಾಗಿತ್ತು. ಓಣಿಯ ತುದಿಯಲ್ಲೇ ಒಬ್ಬರು ಕೇಳಿದರು.

"ಏನ್ರೀ ವೈನಿ, ನಾಯಿಗೂ ದೇವರ ದರ್ಶನಾ?"

"ಹೌದ್ರಿ, ಅದಕ್ಕರೆ ಪುಣ್ಯಾ ಬರಲಿ. ನಮ್ಮ ಮನ್ಯಾಗ ಉಳದವರಿಗೆ ಬರೂ ಹಂಗ ಕಾಣೂದಿಲ್ಲ" ಎಂದು ಅತ್ಯಾ ನಿಲ್ಲದೆ ನಡೆದರು.

ಮೊದಲ ಕೆಲವು ದಿನ ಅವರು ನಾಯಿಗಳಿಂದ ಮಾರು ದೂರ ನಡೆದರು, ಹೂವಿನ ಬುಟ್ಟಿಯನ್ನು ಎದೆಗೆ ಅವಚಿಕೊಂಡು. ಆಮೇಲೆ ಬುಟ್ಟಿಯಲ್ಲಿ ಹೂವಿನ ಜೊತೆ ರೊಟ್ಟಿ ಬಂತು. ಆಮೇಲೆ ಹೂವು ಹೋಗಿ ಬರೀ ರೊಟ್ಟಿ ಉಳಿಯಿತು. ಗುಡಿ ನಮ್ಮ ಎಡಕ್ಕೆ ಉಳಿಯುತ್ತಿತ್ತು, ನಾವು ಬಲಕ್ಕೆ ಹೊಲದ ದಾರಿ ಹಿಡಿಯುತ್ತಿದ್ದೆವು. ಅತ್ಯಾ ಆ ಊರಿಗೆ ಮದುವೆಯಾಗಿ ಬಂದು ಎಷ್ಟೋ ವರ್ಷಗಳಾಗಿದ್ದರೂ ಪೇಟೆ, ಗುಡಿ, ಬೀಗರ ಮನೆ ಬಿಟ್ಟು ಬೇರೆ ಏನನ್ನೂ ನೋಡಿರಲಿಲ್ಲ. "ಅಯ್ಯ, ಊರು ಇಲ್ಲಿಗೇ ಮುಗೀತದೇನು?" ಎಂದು ಗುಡ್ಡದ ಮೇಲೆ ನಿಂತು ಕೇಳಿದರು. ಮುಂದೆ ನೋಡಿದರೆ ಕಣ್ಣು ಹೋದಷ್ಟೂ ಕರಿನೆಲ. ಅವರು ಹಣೆಗೆ ಕೈ ಅಡ್ಡ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಮಲ್ಲಪ್ಪನ ಹೊಲದಲ್ಲಿ ಬೆಲ್ಲವನ್ನೂ ತಿಂದರು, ಮತ್ತೆ ಕೇಳಿಯೂ ತಿಂದರು.

ಒಂದು ಮುಂಜಾನೆ ಸರ್ಜಾ ಮತ್ತೆ ಕೈತಪ್ಪಿದ. ಈ ಸಲವೂ ಮೊಲದ ಹಿಂದೆ, ದೂರದ ದಿಬ್ಬದ ಕಡೆಗೆ. ಅಲ್ಲಿ ಕುರುಬರ ಕುರಿಹಿಂಡು ಮೇಯುತ್ತಿತ್ತು. ಹಿಂಡು ಕಾಯುವ ನಾಯಿಗಳು ಎದ್ದು ನಿಂತದ್ದು ನಮಗೆ ಇಲ್ಲಿಂದಲೇ ಕಂಡಿತು. ಅವು ದೊಡ್ಡ ನಾಯಿಗಳು, ಕೊರಳಿಗೆ ಮುಳ್ಳಿನ ಪಟ್ಟಿ. ಒಂಟಿ ಸರ್ಜಾ ಅವುಗಳ ನಡುವೆ ಹೊಕ್ಕರೆ ಉಳಿಯುತ್ತಿರಲಿಲ್ಲ. ನಾನು "ಸರ್ಜಾ! ಕಮ್!" ಎಂದು ಕೂಗಿದೆ. ನನ್ನ ಧ್ವನಿ ಅರ್ಧ ಹೊಲಕ್ಕೂ ಮುಟ್ಟಲಿಲ್ಲ. ಮಂಚದ ಮೇಲೆ ಕಾಯುತ್ತಿದ್ದವರಿಗೆ ಏನು ಹೇಳಲಿ ಎಂದು ಅಳು ಬಂತು.

ಆಗ ನನ್ನ ಕಿವಿಯ ಹತ್ತಿರ ಸಿಡಿಲು ಬಡಿದಂತೆ ಒಂದು ಸಿಳ್ಳು.

ತಿರುಗಿ ನೋಡಿದೆ. ಅತ್ಯಾ ಬುಟ್ಟಿಯನ್ನು ನೆಲಕ್ಕಿಟ್ಟು ಎರಡು ಬೆರಳು ಬಾಯಲ್ಲಿಟ್ಟುಕೊಂಡಿದ್ದರು. ಇನ್ನೊಮ್ಮೆ ಹೊಡೆದರು. ಮೂಗುತಿ ಅಲುಗಾಡಿತು. ದಿಬ್ಬದ ಮೇಲೆ ಕುರುಬ ನಿಂತ, ಕುರಿಗಳು ತಲೆಯೆತ್ತಿದವು, ಮೋತ್ಯಾ ಹರಿದ ಕಿವಿಯನ್ನೂ ನಿಮಿರಿಸಿದ. ಸರ್ಜಾ ಓಟದ ನಡುವೆ ಗಕ್ಕನೆ ತಿರುಗಿ, ಹೋದ ವೇಗದಲ್ಲೇ ಬಂದು ಅತ್ಯಾರ ಕಾಲ ಬಳಿ ಕುಳಿತ. ಯಾರೂ ಅವನಿಗೆ ಸಿಟ್ ಎಂದಿರಲಿಲ್ಲ.

"ಅತ್ಯಾ!" ಎಂದೆ.

ಅವರ ಮುಖ ಕೆಂಪಾಗಿತ್ತು. "ಏನು ಹಂಗ ನೋಡ್ತೀ? ನನ್ನ ತವರುಮನಿ ಅನಗವಾಡಿ. ಊರ ಮುಂದ ಹೊಳಿ. ನಮ್ಮ ಹೊಲ ಆಚಿ ದಂಡಿಗೆ ಇತ್ತು. ಅಪ್ಪಗ ಬುತ್ತಿ ಒಯ್ಯೂ ಹೊತ್ತಿಗೆ ಅಂಬಿಗ ಆಚಿ ದಂಡ್ಯಾಗ ಮಲಗಿರ್ತಿದ್ದ. ಕೂಗಿದ್ರ ಏಳತಿದ್ದಿಲ್ಲ. ಅದಕ್ಕ ಕಲತಿದ್ದೆ." ಆಮೇಲೆ ನನ್ನ ರಟ್ಟೆ ಹಿಡಿದು, "ಇದನ್ನ ಅವರ ಮುಂದ ಹೇಳಿದಿ ಅಂದ್ರ ನೋಡು. ನನ್ನ ಆಣಿ ಅದ" ಎಂದರು. ಅವರು ನಿಜವಾಗಿ ಹೆದರಿದ್ದರು. ಇಷ್ಟು ವರ್ಷ ಗಂಭೀರ ಗೃಹಿಣಿಯಾಗಿ ಬಾಳಿದ್ದು ಒಂದು ಸಿಳ್ಳಿಗೆ ಹಾರಿಹೋದೀತೆಂದು.

ನಾನು ಹೇಳಲಿಲ್ಲ. ತಾತ್ಯಾ ಮಾತ್ರ ಮಂಚದ ಮೇಲಿಂದ, "ಸರ್ಜಾ, ನಿನಗ ಹೊರಗ ಯಾರೋ ಛಲೋ ಶಿಸ್ತು ಕಲಿಸ್ಯಾರ" ಎಂದು ಆಗಾಗ ಅನ್ನುತ್ತಿದ್ದರು. ನಾನು ಸೆರಗನ್ನು ಇನ್ನೂ ಮುಂದಕ್ಕೆ ಎಳೆದುಕೊಳ್ಳುತ್ತಿದ್ದೆ.

ಹೋಳಿ ಮುಗಿದು ದಬ್ಬೆ ಬಿಚ್ಚಿದರು. ಕೆಲವು ದಿನ ಅಂಗಳದಲ್ಲೇ ನಡೆದ ತಾತ್ಯಾ ಒಂದು ಮುಂಜಾನೆ ಕೋಲು ಹಿಡಿದು ನಮ್ಮ ಜೊತೆ ಹೊರಟರು. ಅತ್ಯಾ ಇನ್ನು ಮನೆಯಲ್ಲಿ ಉಳಿಯುತ್ತಾರೆಂದು ನಾವಿಬ್ಬರೂ ತಿಳಿದಿದ್ದೆವು. ಅವರು ಬುಟ್ಟಿ ತೆಗೆದುಕೊಂಡು ನಮಗಿಂತ ಮೊದಲು ಬಾಗಿಲಲ್ಲಿ ನಿಂತಿದ್ದರು. "ನಿಮ್ಮ ಕಾಲಿನ ಭರವಸಿ ಏನು?" ಎಂದರು, ಅಷ್ಟೇ.

ಗುಡ್ಡ ದಾಟಿದ ಮೇಲೆ ತಾತ್ಯಾ ತಾವಾಗಿಯೇ ಸರ್ಜಾನ ಪಟ್ಟಿ ಬಿಚ್ಚಿದರು. ನಾನು ಬೇಡವೆನ್ನುವಷ್ಟರಲ್ಲಿ ಅವನು ಬಯಲಿಗೆ ಬಿದ್ದಿದ್ದ. ತಾತ್ಯಾ ಒಂದು ಕಲ್ಲಿನ ಮೇಲೆ ಕುಳಿತು, "ಕಮ್" ಎಂದು ಮೆಲ್ಲಗೆ ಒಮ್ಮೆ ಅಂದರು. ಅದು ಪಕ್ಕದಲ್ಲಿದ್ದ ಮೋತ್ಯಾನಿಗೂ ಕೇಳಿಸಿರಲಿಕ್ಕಿಲ್ಲ. ಸರ್ಜಾ ಚಿಕ್ಕದಾಗುತ್ತ ಹೋದ. ಅತ್ಯಾ ಚಡಪಡಿಸಿದರು. ಬುಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ನನ್ನ ಕಡೆ ನೋಡಿದರು. ನಾನು ಆಕಾಶ ನೋಡಿದೆ.

ತಾತ್ಯಾ ಯಾರಿಗೂ ಅಲ್ಲ ಎಂಬಂತೆ, "ಅಂಬಿಗ ಆಚಿ ದಂಡ್ಯಾಗ ಮಲಗ್ಯಾನ. ಯಾರರೆ ಕರೀಬೇಕಲಾ" ಎಂದರು.

ಅತ್ಯಾ ಬುಟ್ಟಿ ಕೆಳಗಿಟ್ಟರು. "ನೀ ಹೇಳಿದಿ?" ಎಂದು ನನ್ನನ್ನು ನೋಡಿದರು.

"ಆಕಿ ಹೇಳಿಲ್ಲ" ಎಂದರು ತಾತ್ಯಾ. "ನಿನ್ನ ನೋಡಲಿಕ್ಕೆ ಕಾಕಾನ ಜೋಡಿ ಅನಗವಾಡಿಗೆ ಬಂದಿದ್ನೆಲ್ಲ, ಆವತ್ತು ನಾವು ಆಚಿ ದಂಡಿಯೊಳಗ ದೋಣಿಗೆ ಕಾಯ್ಕೋತ ನಿಂತಿದ್ವಿ. ಅಂಬಿಗ ಗಾಢ ನಿದ್ದಿಯೊಳಗ ಇದ್ದ, ಏಳವೊಲ್ಲ. ಈಚಿ ದಂಡಿಯಿಂದ ಒಂದು ಸಿಳ್ಳು ಬಂತು. ಅಂವ ಹೌಹಾರಿ ಎದ್ದು ಕೂತ. ನೋಡಿದ್ರ ನೀರಾಗ ಮೊಣಕಾಲ ತನಕ ಇಳಿದು ಒಬ್ಬ ಹುಡುಗಿ, ತಲಿ ಮ್ಯಾಲೆ ಬುತ್ತಿ. ನಮ್ಮ ಕಾಕಾ, ಯಾವ ಉಡಾಳ ಹುಡುಗಿನೋ ಏನೋ ಅಂದ. ಮುಂದ ನಿಮ್ಮ ಮನ್ಯಾಗ ಅವಲಕ್ಕಿ ತಾಟು ಹಿಡಕೊಂಡು ತಲಿ ತಗ್ಗಿಸಿ ಬಂದಾಕಿ ಅದೇ ಹುಡುಗಿ. ಕಾಕಾಗ ಗುರುತು ಹತ್ತಲಿಲ್ಲ. ನಾ ಅಲ್ಲೇ ಹ್ಞೂಂ ಅಂದೆ."

ಗಾಳಿಗೆ ಅತ್ಯಾರ ಸೆರಗು ಜಾರಿತ್ತು. ಅದನ್ನು ಸರಿಪಡಿಸುವುದೂ ಅವರಿಗೆ ನೆನಪಾಗಲಿಲ್ಲ.

"ಮತ್ತ ಇಷ್ಟ ವರ್ಷ ಯಾಕ ಹೇಳಲಿಲ್ಲರೀ?"

"ನೀ ಮತ್ತೊಮ್ಮೆ ಹೊಡದ ಮ್ಯಾಲೆ ಹೇಳೋಣು ಅಂತ ಇದ್ದೆ. ನೀ ಹೊಡೀಲೇ ಇಲ್ಲ. ಅವ್ವನ ಕೈಯಾಗ ಸೊಸಿಯಾಗಿ ಬಂದಿ, ಆಮ್ಯಾಲೆ ಮಕ್ಕಳು, ಮಡಿ, ಹಬ್ಬ... ನಾ ಕಾದೆ."

"ಕಾದರಂತ" ಎಂದರು ಅತ್ಯಾ. ಅವರು ಅಷ್ಟಕ್ಕೇ ಬಿಡುವವರಲ್ಲ. "ಒಂದ ಸರತೆ ಬಾಯಿಬಿಟ್ಟು ಕೇಳಿದ್ರ ನಾ ಹೊಡೀತಿದ್ದಿಲ್ಲೇನು?"

ಇಷ್ಟು ವರ್ಷ ದಫ್ತರದಲ್ಲಿ ಕಾಗದ ಬರೆದ ಮನುಷ್ಯ, ಕೋಲಿನ ತುದಿಯಿಂದ ಮಣ್ಣು ಕೆದರುತ್ತ ಕುಳಿತರು. ಆಮೇಲೆ ತಲೆಯೆತ್ತಿ ಹೆಂಡತಿಯನ್ನು ನೋಡಿ, "ಹೊಡಿ" ಎಂದರು. "ಈಗ ಕೇಳತೇನಿ. ಹೊಡಿ."

ಅತ್ಯಾ ಹೊಡೆದರು. ಸರ್ಜಾ ಬಂದ. ತಾತ್ಯಾ ಕಣ್ಣೊರೆಸಿಕೊಂಡು, ಧೂಳು ಭಾಳ ಅದ ಎಂದರು. ಆವತ್ತು ಗಾಳಿಯಲ್ಲಿ ಧೂಳು ಇತ್ತೋ ಇಲ್ಲವೋ ನಾನು ನೋಡಲಿಲ್ಲ, ಮೋತ್ಯಾನ ಜೊತೆ ಸ್ವಲ್ಪ ಮುಂದೆ ಹೋಗಿಬಿಟ್ಟಿದ್ದೆ.

ಆ ಮಳೆಗಾಲದ ಮೊದಲು ವಿಜಾಪುರದಲ್ಲಿ ಖೋಲಿ ಸಿಕ್ಕಿತು. ನಾನು ಹೊರಟ ದಿನ ಸರ್ಜಾ ನೆರಳಿನಲ್ಲಿ ಮಲಗಿ ನಿದ್ದೆ ಮಾಡುತ್ತಿದ್ದ, ಕಣ್ಣು ಕೂಡ ತೆರೆಯಲಿಲ್ಲ. ಮೋತ್ಯಾ ಮೋಟಾರ್ ಸ್ಟ್ಯಾಂಡಿನವರೆಗೆ ಬಂದ. ಅಲ್ಲಿ ಹೊಟೇಲಿದೆ, ಅದಕ್ಕೆ ಬಂದಿರಬೇಕು. ಅತ್ಯಾ ತಾತ್ಯಾ ಅಡ್ಡಾಡುವುದನ್ನು ಬಿಡಲಿಲ್ಲ. ರಜೆಗೆ ಬಂದಾಗಲೆಲ್ಲ ನಾನೂ ಹಿಂದೆ ಹೋಗುತ್ತಿದ್ದೆ. ಇಬ್ಬರೂ ಅಕ್ಕಪಕ್ಕ ನಡೆಯುತ್ತಿದ್ದರು, ಜಗಳಾಡುತ್ತ. ಸರ್ಜಾ ಮುದುಕನಾಗಿ ಸತ್ತಾಗ ಮಲ್ಲಪ್ಪ ತನ್ನ ಹೊಲದ ಬದುವಿನಲ್ಲೇ ಜಾಗ ಕೊಟ್ಟ. ತಾತ್ಯಾ ಹೋದ ಮೇಲೂ ಅತ್ಯಾ ಎಷ್ಟೋ ವರ್ಷ ಆ ದಾರಿಯಲ್ಲಿ ನಡೆದರು. ಆಗ ಅವರಿಗೆ ಹೂವಿನ ಬುಟ್ಟಿ ಬೇಕಾಗಲಿಲ್ಲ, ಯಾರೂ ಏನೂ ಕೇಳುತ್ತಿರಲಿಲ್ಲ.

ನಾವು ತಿರುಗಿ ಜಮಖಂಡಿಗೆ ಬಂದು ನೆಲೆಸಿ ಬಹಳ ಕಾಲವಾಯಿತು. ಆದರೂ ಮೊಣಕಾಲಿನ ನೆಪ ಹೇಳಿ ನಾನು ಪಡಸಾಲೆಯ ಕುರ್ಚಿ ಬಿಟ್ಟಿರಲಿಲ್ಲ. ಮೊನ್ನೆಯ ಮಳೆ ನಿಂತು ಮರುದಿನ ಬಿಸಿಲು ಬಿದ್ದಾಗ ಎದ್ದು ಚಪ್ಪಲಿ ಮೆಟ್ಟಿದೆ. ಸೊಸೆ, "ಎಲ್ಲಿಗ್ರೀ ಆಯಿ? ನಾ ಬರಲೇನು ಜೋಡಿ?" ಎಂದಳು. ಬೇಡವೆಂದೆ. ಹುನ್ನೂರಿನ ಕಡೆಯ ಆ ಚಕ್ಕಡಿ ದಾರಿ ಈಗ ಡಾಂಬರು ರಸ್ತೆ. ಎರಡೂ ಕಡೆ ಕಬ್ಬು. ಅದರೊಳಗೆ ಮೊಲ ಇದ್ದರೂ ಕಾಣುವಂತಿಲ್ಲ.

ಹಿಂದಿನಿಂದ ಒಂದು ಟ್ರ್ಯಾಕ್ಟರ್ ಬಂದು ನನ್ನ ಪಕ್ಕ ನಿಂತಿತು. ಓಡಿಸುತ್ತಿದ್ದವನು ಬಗ್ಗಿ ನೋಡಿ, "ಯವ್ವಾ, ದಾರಿ ತಪ್ಪಿ ಬಂದೀರೇನ್ರಿ?" ಎಂದ.

"ಇಲ್ಲಪಾ, ಅಡ್ಡಾಡಲಿಕ್ಕೆ ಬಂದೀನಿ."

"ಒಬ್ಬರ? ಜೋಡಿಗೆ ಯಾರೂ ಇಲ್ಲೇನ್ರಿ?"

ಈ ದಾರಿಗೆ ನನ್ನನ್ನು ಮೊದಲು ಕಳಿಸಿದ್ದು ಮಾವನನ್ನು ಕಾಯಲಿಕ್ಕೆ. ಆಮೇಲೆ ನನ್ನನ್ನು ಕಾಯಲಿಕ್ಕೆ ಅತ್ತೆ ಬಂದರು. ಇಷ್ಟು ವಯಸ್ಸಾದರೂ ಊರ ಹೊರಗೆ ಒಬ್ಬಳೇ ನಡೆದದ್ದು ನನಗೆ ನೆನಪಿಲ್ಲ.

"ಒಬ್ಬಾಕಿನ" ಎಂದೆ.

"ಹುಷಾರ್ರಿ ಹಂಗಾರ" ಎಂದು ಅವನು ಹೋದ. ಟ್ರ್ಯಾಕ್ಟರಿನ ಸದ್ದು ಅಡಗುವ ತನಕ ಅಲ್ಲೇ ನಿಂತಿದ್ದೆ. ಮನೆಯಲ್ಲಿ ಊಟಕ್ಕೆ ಕಾಯುತ್ತಿರುತ್ತಾರೆ, ತಿರುಗಬೇಕು ಅನ್ನಿಸಿತು. ಮುಂದಿನ ತಿರುವಿನ ಆಚೆ ಏನಿದೆಯೋ ನೋಡಿಕೊಂಡು ಹೋದರಾಯಿತೆಂದು ಇನ್ನೊಂದಿಷ್ಟು ನಡೆದೆ.